ಮಗಳಿಗೊಂದು ಜೋಡಿ

ಬೆಚ್ಚಿಬೀಳುವುದು ನನ್ನ ಹುಟ್ಟುಗುಣ. ಕುಕ್ಕರಿನ ಮೊದಲ ಸೀಟಿಗೂ ಎದೆ ಹಿಡಿದುಕೊಳ್ಳುವವಳು ನಾನು. ಕಾನ್ವೆಂಟಿನ ಸಿಸ್ಟರುಗಳು ಮೆಲ್ಲಗೆ ಮಾತಾಡುವುದನ್ನು ಕಲಿಸಿದರು. ಎದೆ ಗಟ್ಟಿ ಮಾಡಿಕೊಳ್ಳುವುದನ್ನು ಕಲಿಸಲು ಮರೆತರು. ಇಂಥವಳಿಗೆ ಕುಸ್ತಿ ಆಡುವ ಮಗಳು. ಪಿಯುಸಿ ಓದುವ ಸ್ನೇಹಾ ನಸುಕಿನಲ್ಲೇ ಅಥಣಿಯ ತಾಲೀಮಿಗೆ, ಅಂದರೆ ಗರಡಿಮನೆಗೆ, ಹೋಗಿ ಕಿವಿಯ ಹಿಂದೆಲ್ಲ ಕೆಂಪು ಮಣ್ಣು ಮೆತ್ತಿಕೊಂಡು ಬರುತ್ತಾಳೆ. ಅದಕ್ಕೆ ಹೇಗೋ ಒಗ್ಗಿಕೊಂಡಿದ್ದೆ.

ಹೋದ ಬುಧವಾರ ಅವಳಿಗೆ ಕುಸ್ತಿ ಕಲಿಸುವ ವಸ್ತಾದರು ಫೋನ್ ಮಾಡಿದರು. "ಅಕ್ಕಾರ, ಸ್ನೇಹಾಗ ಛಲೋ ಜೋಡಿ ಸಿಕ್ಕೈತ್ರಿ! ಕುಡಚಿ ಕಡೇದು. ಮೈಕಟ್ಟು ಗಟ್ಟಿ ಐತಿ. ನಾಳಿಂದನ ಹಚ್ಚಿಬಿಡೂಣು."

ಕೈಯಲ್ಲಿದ್ದ ಮೆಂತ್ಯೆಸೊಪ್ಪು ನೆಲಕ್ಕೆ ಬಿತ್ತು. ಹದಿನೇಳರ ಹುಡುಗಿಗೆ ಜೋಡಿಯೇ! "ಯಾರನ್ನ ಕೇಳಿ ನೋಡಿದ್ರಿ?" ಎಂದೆ.

"ಕೇಳೂದೇನೈತ್ರಿ? ನಾನ ನೋಡೇನಿ. ಎತ್ತಿ ಒಗದ್ರೂ ನಗಕೋತ ಏಳತೈತಿ!"

ಎತ್ತಿ ಒಗೆದರೂ ನಗುವ ಅಳಿಯ! ನನಗೆ ಕಣ್ಣು ಕತ್ತಲಿಟ್ಟಿತು. "ಬ್ಯಾಡ್ರಿ, ನಮ್ಮ ಹುಡುಗಿ ಓದಬೇಕು. ಅವರನ್ನ ವಾಪಸ್ ಕಳಿಸ್ರಿ" ಎಂದು ಫೋನ್ ಇಟ್ಟೆ. ಜನ್ಮದಲ್ಲಿ ಮೊದಲ ಸಲ ಗಟ್ಟಿಯಾಗಿ ಮಾತಾಡಿದ್ದೆ, ಒಳಗೊಳಗೇ ಹೆಮ್ಮೆ.

ಸಂಜೆ ಮಗಳು ಹೊಸ್ತಿಲಲ್ಲೇ ನಿಂತು ಅತ್ತಳು. "ಮಮ್ಮೀ, ಜೋಡಿ ಅಂದ್ರ ನನ್ನ ಸರಿಸಮ ಆಡೋ ಹುಡುಗಿ! ರವಿವಾರ ಜಿಲ್ಲಾ ಆಯ್ಕೆ ಐತಿ. ನೀ ಬ್ಯಾಡ ಅಂದಿ, ಆಕೀನ್ನ ಉಗಾರದ ತಾಲೀಮಿನವರು ಕರಕೊಂಡು ಹೋದ್ರು. ನಾ ಇನ್ನ ಮನಿ ಗ್ವಾಡಿ ಕೂಡ ಕುಸ್ತಿ ಆಡ್ಲೇನು?" ಅಂದವಳೇ ನನ್ನ ಜೊತೆ ಮಾತು ಬಿಟ್ಟಳು.

ಮರುದಿನ ವಸ್ತಾದರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ನಗು ತಡೆಯಲು ಬಹಳ ಹೊತ್ತು ಕೆಮ್ಮಿದರು. "ಆಡಾಕ ಬ್ಯಾರೆ ಹುಡುಗೀನ್ನ ನೋಡತೇನ್ರಿ. ಆದ್ರ ಹೆಗಲ ಮ್ಯಾಲ ಹೊತ್ತು ಬೈಠಕ್ ಹೊಡ್ಯಾಕ ಯಾರರೇ ಭಾರದವರು ಬೇಕು. ನೀವ ಬರ್ರಲಾ."

ಭಾರದವರು! ಆ ಮಾತನ್ನು ನುಂಗಿಕೊಂಡು, ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಸೀರೆಗೆ ಆರು ಪಿನ್ನು ಚುಚ್ಚಿಕೊಂಡು ಹೋದೆ. ಅಷ್ಟೂ ಪೈಲ್ವಾನರ ಎದುರು ಮಗಳು ನನ್ನನ್ನು ಜೋಳದ ಚೀಲದ ಹಾಗೆ ಹೆಗಲಿಗೇರಿಸಿ ಕೂತಳು, ಎದ್ದಳು, ಕೂತಳು. ನಾನು ತಲೆಕೆಳಗಾಗಿ ಅವಳ ನಡುಗುವ ಮೊಣಕಾಲನ್ನೇ ನೋಡುತ್ತ ಉಸಿರು ಬಿಗಿಹಿಡಿದಿದ್ದೆ. ಹದಿನೈದನೆಯದಕ್ಕೆ, ಎರಡು ದಿನದ ಮೇಲೆ, ಮಗಳು ನನ್ನೊಡನೆ ಮಾತಾಡಿದಳು:

"ಮಮ್ಮೀ, ಉಸಿರು ಬಿಡು. ಹಗುರ ಆಗ್ತಿ."

ಬಿಟ್ಟೆ. ಹಗುರಾದದ್ದು ನನಗಷ್ಟೇ ಗೊತ್ತಾಗಿರಬೇಕು. ಮಗಳು ಹಲ್ಲು ಕಚ್ಚಿ ಹದಿನಾರನೆಯದಕ್ಕೆ ಕೂತಳು.