ಮಾವನವರ ಕಾರಿಗೆ ಎಣ್ಣೆಸ್ನಾನ

ಮನೆಯಲ್ಲಿ ಹಳೇ ಕಾಲದ ದೊಡ್ಡ ಕಾರೊಂದಿದ್ದರೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ನಮ್ಮ ಮುಳಬಾಗಿಲಿನ ಮನೆಯಲ್ಲಿ ಮಾವನವರು ಬಿಟ್ಟುಹೋದ ಇಂಗ್ಲಿಷ್ ಕಾರಿದೆ. ಉದ್ದ ಮೂತಿ, ತೊಗಲಿನ ಸೀಟು, ಕನಸಿನಲ್ಲಿ ತೇಲಿದಂಥ ಓಟ. ಇಂಜಿನ್ ಎಣ್ಣೆ ಮಾತ್ರ ಸೋರುತ್ತಿತ್ತು. ನಾನು ಬಿ.ಎಸ್ಸಿ. ಓದಿದವಳು, ಎಲ್ಲವನ್ನೂ ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡುತ್ತೇನೆ. "ದೀಪಾವಳಿಯೊಳಗೆ ಸೋರೋದು ನಿಲ್ಲದಿದ್ರೆ ಮಾರಿಬಿಡ್ತೀನಿ" ಎಂದು ನಮ್ಮ ಯಜಮಾನರು ಹೇಳಿದ್ದೂ ಅದರಲ್ಲಿದೆ. ಅದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದೇನೆ.

೧. ಚುಕ್ಕಿ

ಬೆಳಗ್ಗೆ ಯಜಮಾನರು ಕಾರನ್ನು ಹಿಂದಕ್ಕೆ ತೆಗೆದ ಮೇಲೆ ಅಂಗಳಕ್ಕೆ ಬಿದ್ದ ಎಣ್ಣೆ ತೊಟ್ಟುಗಳನ್ನು ಎಣಿಸುತ್ತಿದ್ದೆ. ಎಳೆಬಿಸಿಲಿಗೆ ಒಂದೊಂದರಲ್ಲೂ ಒಂದು ಕಾಮನಬಿಲ್ಲು. ನೋಡುತ್ತ ನಿಂತರೆ ಎಣಿಕೆಯೇ ತಪ್ಪುತ್ತಿತ್ತು. ಒಂದು ದಿನ ಹೋಗಿ ನೋಡಿದರೆ ನನ್ನ ಓರಗಿತ್ತಿ ಅವನ್ನೆಲ್ಲ ಸೇರಿಸಿ ರಂಗೋಲಿ ಎಳೆದಿದ್ದಾಳೆ.

"ಏನೇ ಇದು?"

"ಕಾರು ಚುಕ್ಕಿ ಚೆನ್ನಾಗೇ ಇಟ್ಟಿತ್ತು ಅಕ್ಕ. ಬಲಗಡೆ ಒಂದು ಕಮ್ಮಿ. ನಾಳೆ ಇಡೋಕೆ ಹೇಳಿ."

೨. ಬತ್ತಿ

ಮಾಲೂರಿನ ಮೇಸ್ತ್ರಿ ಬಂದು, ಇಂಜಿನ್ ಹಿಂದುಗಡೆಯ ಹಗ್ಗದಂಥ ಸೀಲು ಸವೆದಿದೆ ಎಂದ. ಹೊಸದನ್ನು ತಂದು, "ಒಂದು ದಿನ ಎಣ್ಣೇಲಿ ನೆನೀಲಿ ಅಮ್ಮಾ" ಎಂದು ತಟ್ಟೆಯಲ್ಲಿಟ್ಟು ಹೋದ. ಮಾರನೆಯ ದಿನ ತಟ್ಟೆ ಖಾಲಿ! ದೇವರಮನೆಯಲ್ಲಿ ಓರಗಿತ್ತಿ ಕಡ್ಡಿ ಗೀರಿ ಗೀರಿ ಬೆವರುತ್ತಿದ್ದಳು.

"ಎಂಥ ಬತ್ತಿ ತರಿಸಿದ್ದೀರ ಅಕ್ಕ, ಅರ್ಧ ಪೊಟ್ಟಣ ಮುಗೀತು, ಹತ್ತೋದೇ ಇಲ್ಲ!"

ಮೇಸ್ತ್ರಿ ಸೀಲನ್ನು ತಿರುಗಿಸಿ ತಿರುಗಿಸಿ ನೋಡಿದ. "ಚಾಲಾ ಬಾಗುಂದಿ ಅಮ್ಮಾ, ತುಂಬಾ ಚೆನ್ನಾಗಿದೆ. ಈಯಮ್ಮನ ಕೈಗೇ ತಡ್ಕೊಂಡಿದೆ, ಇನ್ನು ಇಂಜಿನ್ ಯಾವ ಲೆಕ್ಕ!"

೩. ಹಬ್ಬ

ಆ ಸೀಲು ಹಾಕಿದ ಮೇಲೆ ಸೋರುವುದು ನಿಂತಿತು. ಆದರೆ ಯಜಮಾನರು ಅಷ್ಟರೊಳಗೆ ಬೆಂಗಳೂರಿನವರೊಬ್ಬರಿಗೆ ಮಾತು ಕೊಟ್ಟುಬಿಟ್ಟಿದ್ದರು. ನರಕ ಚತುರ್ದಶಿಯ ದಿನವೇ ಅವರು ಕಾರು ನೋಡಲು ಬಂದರು. "ಸೋರೋದೂ ನಿಂತಿದ್ಯಾ? ಇನ್ನೂ ಒಳ್ಳೇದಾಯ್ತು" ಎಂದರು. ನಾನು ಕೊನೆಯ ಸಲವೆಂದು ಹಿಂದಿನ ಸೀಟಿನಲ್ಲಿ ಕೂತೆ. ಆವನಿ ಬೆಟ್ಟದ ಕಡೆಗೆ ಹೊರಟೆವು.

ಸ್ವಲ್ಪ ದೂರಕ್ಕೇ ನೀಲಿ ಹೊಗೆ ಎದ್ದಿತು. ಬೆಟ್ಟ ಮಾಯ, ರಸ್ತೆ ಮಾಯ. ಮೋಡದೊಳಗೆ ತೇಲಿದ ಹಾಗೆ ನನಗೆ ಹಿತವಾಗಿತ್ತು. ಬೆಂಗಳೂರಿನವರು ಕೆಮ್ಮುತ್ತ ಇಳಿದು, "ಇಂಜಿನ್ ಸತ್ತಿದೆ ಸಾರ್, ನೀವೇ ಇಟ್ಕೊಳ್ಳಿ" ಎಂದು ಬಸ್ಸು ಹತ್ತಿದರು.

ಮೇಸ್ತ್ರಿಯನ್ನು ಕರೆಸಿದೆವು. ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗುರುತು ದಾಟಿ ಎಲ್ಲಿಗೋ ಹೋಗಿದೆ.

"ಯಾರು ಸುರಿದಿದ್ದು?" ಎಂದ.

"ಮನೆಮಂದಿಯೆಲ್ಲ ಎಣ್ಣೆ ಹಚ್ಕೊಳ್ಳೋ ದಿನ, ಅದನ್ನೊಂದು ಬಿಡೋದು ಹೇಗೆ? ಒಂದು ಡಬ್ಬಿ ಹಾಕಿದೆ" ಎಂದು ಒಪ್ಪಿಕೊಂಡೆ.

"ನಾನೂ ಒಂದು" ಎಂದಳು ಓರಗಿತ್ತಿ.

ಯಜಮಾನರು ಗೋಡೆ ನೋಡುತ್ತ, "ಮನೆ ಬಿಟ್ಟು ಹೋಗ್ತಾ ಇದೆಯಲ್ಲ, ಹಬ್ಬ ಮಾಡಿ ಕಳಿಸೋಣ ಅಂತ..." ಎಂದರು.

ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತ. "ಎಣ್ಣೆ ಜಾಸ್ತಿಯಾಗಿ ಹೊಗೆ ಬಂದಿದೆ ಅಷ್ಟೆ, ಅದನ್ನ ನಾನು ತೆಗೀತೀನಿ. ನಿಜ ಹೇಳಿ, ಸೀಗೆಪುಡಿ ಯಾರೂ ಹಾಕಿಲ್ಲ ತಾನೆ?"

ನಾವಿಬ್ಬರೂ ಓರಗಿತ್ತಿಯ ಮುಖ ನೋಡಿದೆವು.

"ಕಲಸಿಟ್ಟಿದ್ದೆ" ಎಂದಳು ಬೇಜಾರಿನಿಂದ, "ಅಷ್ಟರಲ್ಲಿ ಆ ಬೆಂಗಳೂರಿನವರು ಬಂದ್ಬಿಟ್ರು."