ಲೈನಲ್ ಪಿಂಡರನ ಡೊಂಕ್

ಆ ಶನಿವಾರ ಬೆಳಿಗ್ಗೆ ಲೈನಲ್ ಪಿಂಡರನ ದೋಣಿಯ ಎಂಜಿನ್ ಮೊದಲ ಸಲಕ್ಕೇ ಶುರುವಾಗಿ, ಕೆಮ್ಮದೆ, ನಡುಗದೆ, ಹಾಲು ಕುಡಿದ ಮಗುವಿನ ಹಾಗೆ ತೃಪ್ತಿಯಿಂದ ಓಡತೊಡಗಿತು. ತೊಂದರೆ ಶುರುವಾದದ್ದೇ ಅಲ್ಲಿಂದ.

“ಟಕಟಕಟಕ” ಎನ್ನುತ್ತಿತ್ತು ಚಾವಣಿಯ ಮೇಲಿನ ಹೊಗೆ ಪೈಪು. ಲೈನಲ್ ಎಂಜಿನ್ ಕೋಣೆಯ ಬಾಗಿಲಲ್ಲಿ ನಿಂತು ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಆ ಕಡೆಯಿಂದ ಮಾತಾಡುವವರು ಯಾರೂ ಇರಲಿಲ್ಲ. ಫೋನಿನಲ್ಲಿ ಎರಡು ನಿಮಿಷದ ಒಂದು ಹಳೆಯ ರೆಕಾರ್ಡಿಂಗ್ ಇತ್ತು. ಐವತ್ತಾರನೇ ಇಸವಿಯಲ್ಲಿ ಯಾರೋ ಒಬ್ಬ ಹವ್ಯಾಸಿ ಸೇತುವೆಯ ಪಕ್ಕ ಟೇಪು ಹಿಡಿದು ಕೂತು, ಕಲ್ಲಿದ್ದಲು ಹೇರಿಕೊಂಡು ಹೋಗುತ್ತಿದ್ದ ಇದೇ ‘ಪ್ಲೋವರ್’ ದೋಣಿಯ ಸದ್ದನ್ನು ಹಿಡಿದಿಟ್ಟಿದ್ದ. ಅದರಲ್ಲಿ ಎಂಜಿನ್ ಟಕಟಕ ಅನ್ನುತ್ತಿರಲಿಲ್ಲ. “ಡೊಂಕ್” ಅನ್ನುತ್ತಿತ್ತು. ಊಟ ಮುಗಿಸಿದ ಯಜಮಾನ ಏನೋ ಯೋಚಿಸಿದ ಹಾಗೆ ಒಂದು ಗಳಿಗೆ ಸುಮ್ಮನಿರುತ್ತಿತ್ತು. ಆಮೇಲೆ ಮತ್ತೆ “ಡೊಂಕ್.”

“ಅಲ್ಲ ಲೈನಲ್, ಎಂಜಿನ್ ಓಡ್ತಿದೆ ತಾನೆ?” ಎಂದಳು ಹೆಂಡತಿ ಎನಿಡ್, ಒಳಗಿನಿಂದ ಟೋಸ್ಟಿಗೆ ಬೆಣ್ಣೆ ಹಚ್ಚುತ್ತಾ.

“ಓಡೋದು ಮುಖ್ಯ ಅಲ್ಲ, ಎನಿಡ್.”

“ದೋಣಿಗೆ ಬೇರೆ ಏನು ಮುಖ್ಯ?”

ಲೈನಲ್ ಗಡಿಯಾರ ನೋಡಿದ. ಮೂವತ್ತೊಂದು ವರ್ಷ ಬಸ್ಸುಗಳ ವೇಳಾಪಟ್ಟಿ ಬರೆದವನು. ನಿವೃತ್ತಿಯಾದ ಮೇಲೂ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡದಿದ್ದರೆ ಎಲ್ಲೋ ಒಂದು ಬಸ್ಸು ತಪ್ಪಿಹೋಯಿತೇನೋ ಅನ್ನುವ ಚಡಪಡಿಕೆ. ಇವತ್ತಂತೂ ಚಡಪಡಿಸಲು ಕಾರಣವಿತ್ತು. ಮಧ್ಯಾಹ್ನ ಮೂರಕ್ಕೆ ಬ್ರಾಡ್‌ಕೋಟ್ ಕಾಲುವೆಯಲ್ಲಿ ಹಳೆ ದೋಣಿಗಳ ಮೆರವಣಿಗೆ. ಮುಂದಾಳು ಪ್ಲೋವರ್. ಅದರಲ್ಲಿ ಕೂತು ಬರಲಿರುವವರು ರೋಡಾ ಟ್ರಿಂಡರ್. ಎಪ್ಪತ್ತೆಂಟು ವರ್ಷದ ಆ ಹೆಂಗಸು ಹುಟ್ಟಿದ್ದೇ ಈ ದೋಣಿಯ ಹಿಂಬದಿಯ ಗೂಡಿನಂಥ ಕೋಣೆಯಲ್ಲಿ. ಅವರ ಅಪ್ಪ ಇದೇ ಎಂಜಿನ್ನನ್ನು ಹದಿನೇಳು ವರ್ಷ ಓಡಿಸಿದ್ದರು. “ಅಪ್ಪನ ಎಂಜಿನ್ನಿನ ಸದ್ದು ಸಾಯೋ ಮುಂಚೆ ಒಂದು ಸಲ ಕೇಳಬೇಕು” ಎಂದು ನಡುಗುವ ಅಕ್ಷರದಲ್ಲಿ ಬರೆದಿದ್ದ ಕಾರ್ಡನ್ನು ಲೈನಲ್ ಎಂಜಿನ್ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದ. ಎಂಜಿನ್ ಬಿಚ್ಚಿ ಜೋಡಿಸಲು ನಾಲ್ಕು ವರ್ಷ ಹಿಡಿದಿತ್ತು. ಈಗ ಆ ಮುದುಕಿಗೆ ಟಕಟಕ ಕೇಳಿಸಿ ಕಳಿಸುವುದೆಂದರೆ, ಮದುವೆಗೆ ಕರೆದು ಗಂಜಿ ಬಡಿಸಿದ ಹಾಗೆ.

ಪಕ್ಕದ ದೋಣಿಯಿಂದ ಗೋರ್ಡನ್ ಸ್ಪ್ರಾಟ್ ಚಹಾದ ಮಗ್ಗು ಹಿಡಿದು ದಾಟಿ ಬಂದ. ನಲವತ್ತು ವರ್ಷ ಕೊಳಾಯಿ ಕೆಲಸ ಮಾಡಿದವನು. ಜಗತ್ತಿನ ಎಲ್ಲ ಸಮಸ್ಯೆಯೂ ಯಾವುದೋ ಪೈಪಿನಲ್ಲಿದೆ ಎಂದು ನಂಬಿದ್ದವನು. ರೆಕಾರ್ಡಿಂಗನ್ನು ಒಮ್ಮೆ ಕೇಳಿದ, ಎಂಜಿನ್ನನ್ನು ಒಮ್ಮೆ ಕೇಳಿದ.

“ಸೈಲೆನ್ಸರ್ ತೆಗಿ ಮಾರಾಯ. ಬಾಯಿಗೆ ಬಟ್ಟೆ ತುರುಕಿ ಹಾಡು ಅಂದ್ರೆ ಅದು ಎಲ್ಲಿಂದ ಹಾಡುತ್ತೆ?”

ಸೈಲೆನ್ಸರ್ ತೆಗೆದರು. ಎಂಜಿನ್ ಶುರುವಾದ ಕೂಡಲೇ ಬಾತುಕೋಳಿಗಳೆಲ್ಲ ಒಟ್ಟಿಗೆ ಆಚೆ ದಡಕ್ಕೆ ಹಾರಿದವು. ನಾಲ್ಕು ವರ್ಷದಿಂದ ಪೈಪಿನೊಳಗೆ ಕೂತಿದ್ದ ಮಸಿ ಸಡಿಲಾಗಿ ಕರಿ ಹಿಟ್ಟಿನಂತೆ ಎದ್ದು, ಗಾಳಿಗೆ ತೇಲಿ, ಹಿಂದಿನ ದೋಣಿಯ ಮೇಲೆ ಒಣಗುತ್ತಿದ್ದ ಮೊಯ್ರಾ ಟುಲಕ್‌ಳ ಬಿಳಿ ಹೊದಿಕೆಗಳ ಮೇಲೆ ಸಾವಕಾಶವಾಗಿ ಇಳಿಯಿತು. ಸದ್ದು ಮಾತ್ರ ಟಕಟಕದಿಂದ ಟಟ್ಟಟ್ಟಟ್ಟಿಗೆ ಏರಿತ್ತು ಅಷ್ಟೇ.

ಮೊಯ್ರಾ ಒಂದು ಹೊದಿಕೆಯನ್ನು ಸಾಕ್ಷಿಗೆ ಹಿಡಿದುಕೊಂಡೇ ಬಂದಳು. ಲೈನಲ್ ಕ್ಷಮೆ ಕೇಳಲು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು. ಇಪ್ಪತ್ತಾರು ವರ್ಷ ಚರ್ಚಿನಲ್ಲಿ ಆರ್ಗನ್ ನುಡಿಸಿದವಳು, ಕಿವಿ ಆಗಲೇ ಪೈಪಿನ ಕಡೆ ತಿರುಗಿತ್ತು.

“ಬೈಯೋದು ಆಮೇಲೆ. ಆ ಫೋನು ಕೊಡು.” ಕಣ್ಣು ಮುಚ್ಚಿ ಕೇಳಿದಳು. “ನಿನ್ನ ಪೈಪು ಗಿಡ್ಡ ಕಣಯ್ಯ. ಪೈಪು ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತೆ. ಇದು ಸಣ್ಣ ಮಕ್ಕಳಿಗೂ ಗೊತ್ತು.”

“ನಾನೂ ಅದನ್ನೇ ಹೇಳೋನಿದ್ದೆ,” ಎಂದ ಗೋರ್ಡನ್.

“ನೀನು ಸೈಲೆನ್ಸರ್ ಅಂದೆ.”

“ಅದು ಮೊದಲ ಹಂತ.”

ಗೋರ್ಡನ್ ತನ್ನ ದೋಣಿಯಿಂದ ಆರಡಿ ಪೈಪು ತಂದು ಹೊಗೆ ಪೈಪಿನ ಮೇಲೆ ನಿಲ್ಲಿಸಿ ಬಿಗಿದ. ದೋಣಿ ಈಗ ಬೇಲಿಯಾಚೆ ಇಣುಕುವ ಒಂಟೆಯಂತೆ ಕಾಣುತ್ತಿತ್ತು. ಸದ್ದು ತುಸು ದಪ್ಪಗಾಯಿತು. ಓಡಿಸಿ ನೋಡಿದರೆ ಇನ್ನೂ ಇಳಿದೀತು ಎಂದಳು ಮೊಯ್ರಾ. ಮೂವರೂ ಹತ್ತಿದರು, ದೋಣಿ ಹೊರಟಿತು. ಮೂವರೂ ಪೈಪಿನ ತುದಿಯನ್ನೇ ನೋಡುತ್ತಾ ತಲೆದೂಗುತ್ತಿದ್ದರು. ಆದ್ದರಿಂದ ಸೇತುವೆ ಬಂದದ್ದನ್ನು ಯಾರೂ ನೋಡಲಿಲ್ಲ.

ಆರಡಿ ಪೈಪು ಸೇತುವೆಯ ಕಲ್ಲಿಗೆ ತಾಗಿ, ಒಂದು ಸಲ ನಮಸ್ಕಾರ ಮಾಡಿದಂತೆ ಬಾಗಿ, ನೀರಿಗೆ ಬಿತ್ತು. ಲೈನಲ್ ಕೊಕ್ಕೆಗೋಲು ಹಾಕಿ ಮುಕ್ಕಾಲು ಗಂಟೆ ಹುಡುಕಿದ. ಮೊದಲು ಒಂದು ಸೈಕಲ್ ಚಕ್ರ ಬಂತು, ಆಮೇಲೆ ಯಾರದೋ ಕುರ್ಚಿ. ಪೈಪು ಬರುವ ಹೊತ್ತಿಗೆ ಹನ್ನೆರಡೂವರೆ. ಎನಿಡ್ ದಂಡೆಯ ಮೇಲೆ ಸ್ಯಾಂಡ್‌ವಿಚ್ ಹಿಡಿದು ನಿಂತಿದ್ದಳು.

“ತಿನ್ನು. ಹೊಟ್ಟೆ ಖಾಲಿ ಇದ್ರೆ ನೀನು ಇನ್ನೂ ತಪ್ಪು ಮಾಡ್ತೀಯ.”

“ಎರಡೂವರೆ ಗಂಟೆ ಉಳಿದಿದೆ, ಎನಿಡ್. ಆಯಮ್ಮ ಬರ್ತಾರೆ.”

“ಬರಲಿ. ಟಕಟಕ ಕೇಳ್ಕೊಂಡು ಹೋಗ್ತಾರೆ. ಏನಾಯ್ತೀಗ?”

ಲೈನಲ್ ಸ್ಯಾಂಡ್‌ವಿಚ್ಚನ್ನು ಕಚ್ಚದೆ ಕೈಯಲ್ಲೇ ಹಿಡಿದುಕೊಂಡ. ಅವನ ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅವರ ದನಿ ಹೇಗಿತ್ತು ಎಂದು ಈಗ ನೆನಪಿಗೆ ಬರುತ್ತಿರಲಿಲ್ಲ. ಒಬ್ಬರಿಗಾದರೂ ಅಪ್ಪನ ದನಿ ವಾಪಸು ಸಿಗಲಿ ಎಂಬುದನ್ನು ಹೆಂಡತಿಗೆ ಬಿಡಿಸಿ ಹೇಳಲು ನಾಚಿಕೆಯಾಗಿ, “ವೇಳೆ ಆಯ್ತು” ಎಂದಷ್ಟೇ ಹೇಳಿ ಒಳಗೆ ಹೋದ.

ಒಳಗೆ ಮೊಯ್ರಾ ಹೊಸ ದಾರಿ ಕಂಡುಹಿಡಿದಿದ್ದಳು. “ಸ್ವರ ಬಿಡಿ, ತಾಳ ನೋಡಿ. ರೆಕಾರ್ಡಿಂಗಿನಲ್ಲಿ ಪೆಟ್ಟು ನಿಧಾನ. ನಿಮ್ಮದು ರೈಲು ಹಿಡಿಯೋಕೆ ಓಡ್ತಿದೆ.”

ವೇಗ ಕಡಿಮೆ ಮಾಡುವ ತಿರುಪು ಗೋರ್ಡನ್‌ನ ಕೈಗೆ ಸಿಕ್ಕಿತು. ಮೊಯ್ರಾ ತೊಡೆ ತಟ್ಟಿ ತಾಳ ಹಾಕುತ್ತಿದ್ದಳು, ಗೋರ್ಡನ್ ತಿರುಪು ತಿರುಗಿಸುತ್ತಿದ್ದ. “ಇನ್ನೂ ನಿಧಾನ. ಇನ್ನೂ. ಇನ್ನೊಂಚೂರು.” ಎಂಜಿನ್ ನಿದ್ದೆಗೆ ಜಾರುವ ಮುದುಕನ ಹಾಗೆ ತೂಗಾಡತೊಡಗಿತು. ಅವರು ಹೀಗೆ ಒಂದು ಗಂಟೆಯ ಮೇಲೆ ಅದನ್ನು ತೂಗಾಡಿಸಿದರು.

ಎನಿಡ್ ಬಾಗಿಲಿಂದ ತಲೆ ಹಾಕಿದಳು. “ಈ ಎಣ್ಣೆ ಒತ್ತಡದ ಮೀಟರಿನ ಮುಳ್ಳು ಮಲಗಿಬಿಟ್ಟಿದೆಯಲ್ಲ?”

ಲೈನಲ್ ಗಾಜಿನ ಮೇಲೆ ಬೆರಳಿಂದ ಕುಟ್ಟಿದ. ಮುಳ್ಳು ಏಳಲಿಲ್ಲ. “ಹಳೇ ಮೀಟರು. ಅದಕ್ಕೂ ವಯಸ್ಸಾಗಿದೆ.”

ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಅದು ಬಂತು.

“ಡೊಂಕ್.”

ಮೊಯ್ರಾಳ ಕೈ ತೊಡೆಯ ಮೇಲೆ ನಿಂತಿತು. ಒಂದು ಗಳಿಗೆ ಮೌನ. “ಡೊಂಕ್.” ಲೈನಲ್ ಫೋನು ಹಚ್ಚಿ ಎಂಜಿನ್ ಪಕ್ಕ ಹಿಡಿದ. ಅದೂ ಡೊಂಕ್, ಇದೂ ಡೊಂಕ್. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಗೋರ್ಡನ್ ಮೊಯ್ರಾಳ ಕೈ ಕುಲುಕಿದ. ಮೊಯ್ರಾ ಮಸಿಯಾದ ಹೊದಿಕೆಯಿಂದಲೇ ಕಣ್ಣೊರೆಸಿಕೊಂಡು, ಮುಖ ಕಪ್ಪಾದದ್ದು ಗೊತ್ತಾಗದೆ ನಕ್ಕಳು. ಲೈನಲ್ ಅವತ್ತು ಮೊದಲ ಬಾರಿಗೆ ಗಡಿಯಾರ ನೋಡುವುದನ್ನು ಮರೆತ.

ಮೂರಕ್ಕೆ ಸರಿಯಾಗಿ ರೋಡಾ ಟ್ರಿಂಡರ್ ಬಂದರು. ಚಿಕ್ಕ ಆಳು, ದೊಡ್ಡ ಟೋಪಿ. ಕೈ ಹಿಡಿಯಲು ಬಂದ ನಾಲ್ವರನ್ನು ಸರಿಸಿ, ಸಲೀಸಾಗಿ ದೋಣಿಗೆ ಕಾಲಿಟ್ಟು, ಹಿಂಬದಿಯಲ್ಲಿ ಲೈನಲ್‌ನ ಪಕ್ಕ ನಿಂತರು. ಎರಡೂ ದಂಡೆಯಲ್ಲಿ ಜನ. ಹಿಂದೆ ಹನ್ನೊಂದು ದೋಣಿಗಳು ಸಾಲುಗಟ್ಟಿದ್ದವು. ಧ್ವನಿವರ್ಧಕದಲ್ಲಿ ಒಬ್ಬ, “ಈಗ ಕೇಳಲಿದ್ದೀರಿ, ಪ್ಲೋವರಿನ ಮೂಲ ಸದ್ದು” ಎಂದು ಸಾರಿದ. ದೋಣಿ ಹೊರಟಿತು.

“ಡೊಂಕ್,” ಎಂದಿತು ಪ್ಲೋವರ್. “ಡೊಂಕ್.”

ರೋಡಾ ತಲೆ ವಾಲಿಸಿ ಕೇಳಿದರು. ಅವರ ಮುಖದಲ್ಲಿ ಏನೋ ಬದಲಾಯಿತು. ಲೈನಲ್‌ಗೆ ಎದೆ ತುಂಬಿ ಬಂತು.

“ಇದೇ ಅಲ್ವಾ, ಮಿಸೆಸ್ ಟ್ರಿಂಡರ್?”

“ಇದೇ ಕಣಪ್ಪಾ,” ಎಂದರು ಅವರು ಮೆಲ್ಲಗೆ. “ಅರವತ್ತು ವರ್ಷದ ಮೇಲಾಯ್ತು. ಆದರೂ ಮರೆತಿಲ್ಲ. ಇದನ್ನ ಎಲ್ಲಿಂದ ಹುಡುಕಿದೆ ನೀನು?”

“ಹಳೇ ಟೇಪು ಸಿಕ್ತು. ಐವತ್ತಾರರದ್ದು. ಹೊಗೆ ಪೈಪು ಅದೇ ಸದ್ದು ಮಾಡೋ ಹಾಗೆ ಬೆಳಗಿಂದ—”

“ಸೇತುವೆ ಹತ್ರ ಟೇಪು ಹಿಡ್ಕೊಂಡು ಕೂತಿದ್ನಲ್ಲ, ಆ ಕನ್ನಡಕದವನದಾ?” ಮುದುಕಿ ಚುರುಕಾಗಿ ತಿರುಗಿದರು. “ನಾನಾಗ ಒಂಬತ್ತು ವರ್ಷದವಳು. ಅಪ್ಪ ಅವನಿಗೆ, ಹಗ್ಗ ಹಿಡಿಯಯ್ಯಾ, ಹಗ್ಗ ಹಿಡಿ ಅಂತ ಕೈ ಬೀಸಿ ಕೂಗಿದ್ರು. ಆ ಪುಣ್ಯಾತ್ಮ ನಗ್ತಾ ವಾಪಸ್ ಕೈ ಬೀಸಿದ.”

“ಹಗ್ಗ ಯಾಕೆ?”

“ಮಗಾ, ಈ ಸದ್ದು ಪೈಪಿಂದ ಬರ್ತಿಲ್ಲ. ಕೆಳಗಿಂದ ಬರ್ತಿದೆ. ಒಳಗೆ ಎಣ್ಣೆ ಸಿಗದೆ ಬೇರಿಂಗು ಸಾಯ್ತಾ ಇದೆ. ಒಳ್ಳೇ ದಿನದಲ್ಲಿ ನಮ್ಮ ಎಂಜಿನ್ ಟಕಟಕ ಅಂತ ಓಡ್ತಿತ್ತು. ಅದನ್ನ ಯಾರು ರೆಕಾರ್ಡ್ ಮಾಡ್ತಾರೆ? ನಿನ್ನನ್ನ ಹೆದರಿಸ್ತೀನಿ ಅಂದ್ಕೋಬೇಡ. ಈ ಸದ್ದು ಹುಟ್ಟಿದ ಮೇಲೆ ಅವತ್ತು ನಮಗೆ ಸಿಕ್ಕಿದ್ದು ಸುಮಾರು ಒಂದು ಗಂಟೆ.”

ಲೈನಲ್ ಗಡಿಯಾರ ನೋಡಿದ. ಮೂರು ಇಪ್ಪತ್ತೊಂದು.

ಕೆಳಗೆ ಯಾರೋ ಕಬ್ಬಿಣದ ಬೀರುವನ್ನು ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗಾಯಿತು. ಹೊಗೆ ಪೈಪು ಒಂದು ಸುರುಳಿ ಹೊಗೆ ಬಿಟ್ಟು ಸುಮ್ಮನಾಯಿತು. ದೋಣಿ ತಾನಾಗಿಯೇ ಸ್ವಲ್ಪ ದೂರ ಜಾರಿ, ಕಾಲುವೆ ಅತಿ ಕಿರಿದಾಗುವ ಕಡೆಯಲ್ಲಿ ಅಡ್ಡ ನಿಂತಿತು. ಹಿಂದಿನ ಹನ್ನೊಂದು ದೋಣಿಗಳು ಒಂದರ ಹಿಂದೊಂದು ಹಾರನ್ ಹೊಡೆದವು.

ಎನಿಡ್ ಒಳಗಿನಿಂದ ಹಗ್ಗದ ಸುರುಳಿ ತಂದು ಗಂಡನ ಕೈಗಿಟ್ಟಳು.  

ಲೈನಲ್ ದಂಡೆಗೆ ಹಾರಿ, ಹಗ್ಗವನ್ನು ಎದೆಗೆ ಅಡ್ಡ ಹಾಕಿಕೊಂಡು ಎಳೆಯತೊಡಗಿದ. ಎಪ್ಪತ್ತಡಿಯ ಕಬ್ಬಿಣ ಮೊದಲು ಕದಲಲಿಲ್ಲ, ಆಮೇಲೆ ಮನಸ್ಸಿಲ್ಲದ ಎಮ್ಮೆಯಂತೆ ಹಿಂದೆ ಬಂತು. ಧ್ವನಿವರ್ಧಕದವನು ಜಾಣ. “ಮಹನೀಯರೇ, ಎಂಜಿನ್ನೇ ಇಲ್ಲದ ಕಾಲದಲ್ಲಿ ದೋಣಿ ಎಳೆಯುತ್ತಿದ್ದ ಬಗೆಯನ್ನು ಮಿಸ್ಟರ್ ಪಿಂಡರ್ ಈಗ ಮಾಡಿ ತೋರಿಸುತ್ತಿದ್ದಾರೆ, ಮೆರವಣಿಗೆ ಮುಗಿಯುವ ಕಟ್ಟೆಯವರೆಗೂ” ಎಂದ. ಜನ ಚಪ್ಪಾಳೆ ತಟ್ಟಿದರು. ಇನ್ನು ನಿಲ್ಲಿಸುವ ಹಾಗೂ ಇರಲಿಲ್ಲ. ಆ ಕಟ್ಟೆ ಅರ್ಧ ಮೈಲಿ ಆಚೆ ಇತ್ತು.

ಗೋರ್ಡನ್ ಅವನ ಎಡಕ್ಕೂ ಮೊಯ್ರಾ ಬಲಕ್ಕೂ ನಡೆಯುತ್ತಾ ಬಂದರು.

“ಹಗ್ಗ ಎಡ ಭುಜಕ್ಕೆ ಹಾಕ್ಕೊಳ್ಳಪ್ಪ,” ಎಂದ ಗೋರ್ಡನ್.

“ಹೆಜ್ಜೆ ತಾಳ ತಪ್ತಿದೆ,” ಎಂದಳು ಮೊಯ್ರಾ. “ಒಂದು, ಎರಡು. ಒಂದು, ಎರಡು.”

ಲೈನಲ್‌ಗೆ ಇಬ್ಬರನ್ನೂ ನೀರಿಗೆ ನೂಕಬೇಕೆನಿಸಿತು, ಕೈಗೆ ಬಿಡುವಿರಲಿಲ್ಲ. ಬೆವರು ಕಣ್ಣಿಗಿಳಿದು, ಉಸಿರು ಕುಲುಮೆಯ ತಿದಿಯಂತೆ ಬುಸುಗುಡುತ್ತಿತ್ತು. ಹಿಂದೆ ರೋಡಾ ಟ್ರಿಂಡರ್ ಚುಕ್ಕಾಣಿ ಹಿಡಿದು, ಟೋಪಿ ಸರಿಮಾಡಿಕೊಂಡು, ಹದಿನಾರು ವರ್ಷದ ಹುಡುಗಿಯಂತೆ ನೆಟ್ಟಗೆ ನಿಂತಿದ್ದರು.

“ನಮ್ಮಪ್ಪನೂ ಅವತ್ತು ಹೀಗೇ ಎಳೆದ್ರು ಮಗಾ,” ಎಂದು ಅವರು ಅಲ್ಲಿಂದಲೇ ಕೂಗಿ ಹೇಳಿದರು. “ಆದರೆ ಅವರು ಇಷ್ಟು ಸದ್ದು ಮಾಡ್ತಿರಲಿಲ್ಲ.”