ರೇಸ್ ಟ್ರ್ಯಾಕ್ ಉಳಿಸಲು ಹೊರಟದ್ದು

ಏರೋಸ್ಪೇಸ್ ಇಂಜಿನಿಯರ್ ಎಂದು ಪರಿಚಯ ಹೇಳಿಕೊಳ್ಳುವುದರಲ್ಲಿ ಒಂದು ಅಪಾಯವಿದೆ. ಕೇಳಿದವರು ನಮ್ಮನ್ನು ಎಲ್ಲ ಬಲ್ಲವರೆಂದು ನಂಬುತ್ತಾರೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ನಾವೂ ನಂಬಿಬಿಡುತ್ತೇವೆ. ನಿಜ ಹೇಳಬೇಕೆಂದರೆ, ಅಮೆರಿಕದ ಸಿಯಾಟಲ್ ಹತ್ತಿರ ಕೆಂಟ್‌ನ ಗೋದಾಮುಗಳ ಸಾಲಿನಲ್ಲಿರುವ ನಮ್ಮ ಕಂಪನಿಯಲ್ಲಿ ನನ್ನ ಕೆಲಸ ವಿಮಾನದ ಸೀಟನ್ನು ನೆಲಕ್ಕೆ ಹಿಡಿದಿಡುವ ಒಂದು ಕೊಂಡಿಗೆ ಸಂಬಂಧಪಟ್ಟದ್ದು. ಸೀಟು ಬೇರೆಯವರ ಜವಾಬ್ದಾರಿ, ನೆಲ ಮತ್ತೊಬ್ಬರದು. ಕೊಂಡಿ ಮಾತ್ರ ನನ್ನದು. ಹಾಗಿದ್ದರೂ ಸ್ನೇಹಿತರ ಮನೆಯ ಊಟದಲ್ಲಿ ಬೆಂಗಳೂರಿನ ಟ್ರಾಫಿಕ್ಕಿನಿಂದ ಹಿಡಿದು ಸಿಯಾಟಲ್‌ನ ಮನೆ ಬೆಲೆಯವರೆಗೆ ನನ್ನ ಬಳಿ ಪರಿಹಾರವಿಲ್ಲದ ಸಮಸ್ಯೆಯೇ ಇರಲಿಲ್ಲ. ನನ್ನ ಹೆಂಡತಿಯ ರೇಸ್ ಟ್ರ್ಯಾಕಿಗೆ ಕಷ್ಟ ಬರುವವರೆಗೆ.

ಹೆಂಡತಿಯ ರೇಸ್ ಟ್ರ್ಯಾಕ್ ಎಂದರೆ ಅವಳು ಮಾಲೀಕಳೇನಲ್ಲ. ನಮ್ಮ ಮನೆಯ ಹಿಂದಿನ ಗುಡ್ಡ ದಾಟಿದರೆ, ದಟ್ಟ ಮರಗಳ ನಡುವೆ ಹೆಸರುವಾಸಿಯಾದ ಹಳೆಯ ಟ್ರ್ಯಾಕ್ ಒಂದಿದೆ. ವಾರಾಂತ್ಯ ಬಂತೆಂದರೆ ಅಲ್ಲಿಂದ ಕಾರುಗಳ ಆರ್ಭಟ ನಮ್ಮ ಹಿತ್ತಲಿಗೆ ಬರುತ್ತದೆ. ಸಿಯಾಟಲ್‌ನ ಆಚೆ ಬದಿಯ ಬಾಥೆಲ್‌ನಿಂದ ಊಟಕ್ಕೆ ಬಂದ ಗೆಳೆಯ ರಘು ಮೊದಲ ಸಲ ಕೇಳಿದಾಗ ತಟ್ಟೆ ಕೆಳಗಿಟ್ಟು, "ಏನ್ರೀ ಅದು ಸೌಂಡು? ಮನೆ ತಗೊಳ್ಳೋ ಮುಂಚೆ ವೀಕೆಂಡ್ ಬಂದು ಚೆಕ್ ಮಾಡ್ಲಿಲ್ವಾ?" ಎಂದಿದ್ದ. ನಾನು ಮಂಗಳವಾರ ಬಂದು ನೋಡಿದ್ದೆ.

ನನ್ನ ಹೆಂಡತಿ ವಸುಧಾ ಹಾಸನದಲ್ಲಿ ಪಿಯು ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕಿಯಾಗಿದ್ದವಳು. ಅವಳ ಹೆಜ್ಜೆಯ ಸದ್ದಿಗೇ ಕೊನೆಯ ಬೆಂಚು ಮೌನವಾಗುತ್ತಿತ್ತೆಂದು ಅವಳ ಹಳೆಯ ವಿದ್ಯಾರ್ಥಿಗಳು ಇಂದಿಗೂ ಹೇಳುತ್ತಾರೆ. ಇಲ್ಲಿಗೆ ಬಂದ ಮೇಲೆ ಸರ್ಕಾರದ ಕಾಗದಗಳಲ್ಲಿ ಅವಳ ಹೆಸರಿನ ಮುಂದೆ 'ಡಿಪೆಂಡೆಂಟ್' ಎಂದು ಬರೆದಿತ್ತು. ಆ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಒಂದು ದಿನ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ರೇಸ್ ಟ್ರ್ಯಾಕಿಗೆ ಸ್ವಯಂಸೇವಕರು ಬೇಕೆಂಬ ಚೀಟಿ ಕಂಡಳು. ತಿರುವುಗಳಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್ ಕೆಲಸ. ತರಬೇತಿ ಅವರೇ ಕೊಡುತ್ತಾರೆ, ಸಂಬಳವಿಲ್ಲ, ಮಧ್ಯಾಹ್ನ ಒಂದು ಸ್ಯಾಂಡ್‌ವಿಚ್. ನಾನು ನಕ್ಕೆ. "ಭೌತಶಾಸ್ತ್ರ ಓದಿ ಬಾವುಟ ಆಡಿಸೋಕೆ ಹೋಗ್ತೀಯೇನೆ?" ಎಂದೆ. ಅವಳು ಹೋದಳು.

ತರಬೇತಿ ಮುಗಿದು ಮೊದಲ ರೇಸಿನಿಂದ ವಾಪಸು ಬಂದವಳ ಮುಖ ಬಿಸಿಲಿಗೆ ಕೆಂಪಾಗಿತ್ತು. ಬಿಳಿ ಬಟ್ಟೆಯ ತುಂಬ ಟೈರುಗಳ ರಬ್ಬರ್ ಪುಡಿ. ಶೂ ಬಿಚ್ಚುವುದನ್ನೂ ಮರೆತು ಬಾಗಿಲಲ್ಲೇ ನಿಂತು, "ರೀ, ಒಂದು ಕಾರು ತಿರುಗಿ ಅಡ್ಡ ನಿಂತುಬಿಡ್ತು. ನಾನು ಹಳದಿ ಬಾವುಟ ಎತ್ತಿದೆ. ಎಲ್ಲರೂ ಸ್ಲೋ ಮಾಡಿದ್ರು" ಎಂದಳು. ನಾನು ಟೀವಿಯಿಂದ ಕಣ್ಣು ತೆಗೆಯದೆ "ಹೌದಾ" ಎಂದಿರಬೇಕು. "ಎಲ್ಲರೂ ರೀ" ಎಂದು ಇನ್ನೊಮ್ಮೆ ಹೇಳಿದಳು. ಇಲ್ಲಿಗೆ ಬಂದ ಮೇಲೆ ಅವಳ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ನಾನು ಕೇಳಿರಲಿಲ್ಲ. ಆಮೇಲೆ ಮನೆಯಲ್ಲಿಯೂ ಹಳದಿ ಬಾವುಟದ ಕಾಯಿದೆ ಜಾರಿಗೆ ಬಂತು. ನಾನು ಮೂರನೇ ಸಲ ಹಪ್ಪಳಕ್ಕೆ ಕೈ ಹಾಕಿದರೆ ಅಡುಗೆಮನೆಯ ಹಳದಿ ಒರೆಸುಬಟ್ಟೆ ಮೇಲೇಳುತ್ತಿತ್ತು.

ಹೀಗೆ ಮೂರು ಬೇಸಿಗೆ ಕಳೆಯಿತು. ನಾಲ್ಕನೆಯದರಲ್ಲಿ ಟ್ರ್ಯಾಕಿನ ಕಷ್ಟದ ಸುದ್ದಿ ಬರಲು ಶುರುವಾಯಿತು. ಡಾಂಬರು ಹಳೆಯದಾಗಿದೆ, ರಿಪೇರಿಗೆ ಬಂಡವಾಳ ಬೇಕು, ಸಾಲ ಕೊಡುವವರು ಹಿಂದೇಟು ಹಾಕುತ್ತಿದ್ದಾರೆ. ಜಾಗವನ್ನು ಮಾರಿದರೆ ಗೋದಾಮು ಕಟ್ಟುವವರು ಸಾಲಾಗಿ ನಿಂತಿದ್ದಾರೆ. ಮುಂದಿನ ವರ್ಷದ ರೇಸುಗಳು ಇನ್ನೂ ನಿಗದಿಯಾಗಿಲ್ಲ. ವಸುಧಾ ಇದನ್ನು ಹೇಳುವಾಗ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅವಳಿಗೆ ಈ ದೇಶದಲ್ಲಿ ತನ್ನದೆಂದು ಇದ್ದದ್ದು ಆ ತಿರುವು ಒಂದೇ. ಅದು ನನಗೆ ಅರ್ಥವಾಯಿತು, ಸಂಕಟವೂ ಆಯಿತು. ಆದರೆ ಸಂಕಟವಾದಾಗ ಇಂಜಿನಿಯರ್ ಆದವನು ಹೆಂಡತಿಯ ಪಕ್ಕ ಸುಮ್ಮನೆ ಕೂರುವುದಿಲ್ಲ. ಲ್ಯಾಪ್‌ಟಾಪ್ ತೆರೆಯುತ್ತಾನೆ.

ವಾರವಿಡೀ ಕೂತು ಟ್ರ್ಯಾಕನ್ನು ಲಾಭಕ್ಕೆ ತರುವ ಯೋಜನೆ ಸಿದ್ಧಪಡಿಸಿದೆ. ರೇಸ್ ಇಲ್ಲದ ದಿನ ಪಾರ್ಕಿಂಗ್ ಜಾಗದಲ್ಲಿ ದೀಪಾವಳಿ ಮೇಳ. ಊರಿನಿಂದ ಹೊಸದಾಗಿ ಬಂದವರಿಗೆ ಡ್ರೈವಿಂಗ್ ಕ್ಲಾಸು. ಸ್ನೊಕ್ವಾಲ್ಮಿ ಕಡೆಯ ಶ್ರೀಮಂತರು ಮುಚ್ಚಿಟ್ಟುಕೊಂಡ ಹಳೆಯ ಕಾರುಗಳ ಪ್ರದರ್ಶನ, ಪಕ್ಕದಲ್ಲಿ ದೋಸೆ ಸ್ಟಾಲು. ರಘುವಿಗೆ ಫೋನಿನಲ್ಲಿ ಓದಿ ಹೇಳಿದೆ. "ದೋಸೆ ಐಡಿಯಾ ಚೆನ್ನಾಗಿದೆ" ಎಂದ. ವಸುಧಾ ಮಾತ್ರ ಪೂರ್ತಿ ಕೇಳಿಸಿಕೊಂಡು, "ಅಲ್ಲಿ ಪಾರ್ಕಿಂಗ್ ಎಲ್ಲಿದೆ ಗೊತ್ತಾ ನಿಮಗೆ?" ಎಂದಳು. ಗೂಗಲ್ ಮ್ಯಾಪಿನಲ್ಲಿ ನೋಡಿದ್ದೇನೆಂದೆ.

ಅಷ್ಟರಲ್ಲಿ ಟ್ರ್ಯಾಕಿನ ವಿಚಾರವಾಗಿ ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲಾಡಳಿತದವರು, ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ ಕರೆದರು. ನಾನು ಮಾತಾಡಲು ಹೆಸರು ಕೊಟ್ಟೆ. "ಬೇಡ ರೀ, ಟ್ರ್ಯಾಕಲ್ಲಿ ಇರೋವ್ರು ಮಾತಾಡ್ಲಿ" ಎಂದಳು ವಸುಧಾ. ಅವಳ ಸಂಕೋಚವೆಂದು ತಿಳಿದು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಅವಳ ಜೊತೆ ಹೋದೆ. ಸಭೆಯಲ್ಲಿ ಸದ್ದಿನಿಂದ ಬೇಸತ್ತವರಿದ್ದರು, ಮೂರು ತಲೆಮಾರಿನಿಂದ ಅಲ್ಲೇ ಕಾರು ಓಡಿಸಿದವರಿದ್ದರು. ಒಬ್ಬಾಕೆ ಮಾತಾಡುತ್ತ ಅತ್ತೇಬಿಟ್ಟಳು. ನನ್ನ ಸರದಿ ಬಂದಾಗ ನಾನು ಮೇಳದಿಂದ ಶುರುಮಾಡಿ ದೋಸೆಗೆ ಬಂದೆ. ಅಧ್ಯಕ್ಷತೆ ವಹಿಸಿದ್ದ ಹೆಂಗಸು ತಾಳ್ಮೆಯಿಂದ ಎಲ್ಲ ಬರೆದುಕೊಂಡು, ಬಹಳ ವಿನಯವಾಗಿ ಒಂದೇ ಪ್ರಶ್ನೆ ಕೇಳಿದರು. "ನೀವು ಕೊನೆಯ ಸಲ ಟ್ರ್ಯಾಕಿಗೆ ಹೋದದ್ದು ಯಾವಾಗ?"

ನಾನು ಹೋಗಿರಲೇ ಇಲ್ಲ. ಬೆಳಗ್ಗೆ ಅವಳನ್ನು ಗೇಟಿನ ಹತ್ತಿರ ಇಳಿಸಿದ್ದುಂಟು, ಸಂಜೆ ಕರೆದುಕೊಂಡು ಬಂದದ್ದುಂಟು. ಒಳಗೆ ಕಾಲಿಟ್ಟಿರಲಿಲ್ಲ. "ನಮ್ಮ ಮನೆಗೇ ಕೇಳಿಸುತ್ತದೆ" ಎಂದೆ. ಸಭೆಯಲ್ಲಿ ಪರ ಇದ್ದವರೂ ವಿರೋಧ ಇದ್ದವರೂ ಆ ಸಂಜೆ ಒಟ್ಟಾಗಿ ನಕ್ಕದ್ದು ಅದೊಂದಕ್ಕೇ. ವಸುಧಾ ನಗಲಿಲ್ಲ, ತನ್ನ ಚಪ್ಪಲಿ ನೋಡುತ್ತ ಕುಳಿತಿದ್ದಳು. ಮನೆಗೆ ಬರುವಾಗ ಕಾರಿನಲ್ಲಿ ಬಯ್ಯುತ್ತಾಳೆಂದು ಕಾದೆ, ಬಯ್ಯಲಿಲ್ಲ. "ಮುಂದಿನ ವರ್ಷ ಇರುತ್ತೋ ಇಲ್ವೋ. ಇರೋವರೆಗೂ ಹೋಗಿ ನಿಂತ್ಕೋತೀನಿ, ಅಷ್ಟೇ" ಎಂದಳು.

ಆ ವರ್ಷದ ಕೊನೆಯ ರೇಸಿಗೆ ನಾನು ಅವಳಿಗೆ ಹೇಳದೆ ಹೋದೆ. ಬೆಳಗ್ಗೆ ಎಂದಿನಂತೆ ಗೇಟಿನಲ್ಲಿ ಇಳಿಸಿ, ಒಂದು ಸುತ್ತು ಹಾಕಿ ಬಂದು ಟಿಕೆಟ್ ಕೊಂಡು ಒಳಗೆ ಹೋಗಿ ಕುಳಿತೆ. ಪ್ರೇಕ್ಷಕರು ಕೂರುವ ಮೆಟ್ಟಿಲುಗಳು ಅರ್ಧ ಖಾಲಿ. ಪಕ್ಕದಲ್ಲಿ ಫ್ಲಾಸ್ಕ್ ಹಿಡಿದ ಒಬ್ಬ ಮುದುಕ. ಟ್ರ್ಯಾಕು ಇಳಿದು ಮರಗಳ ಮರೆಗೆ ತಿರುಗುವ ಕಡೆ ಬಿಳಿ ಬಟ್ಟೆಯ ಪುಟ್ಟ ಆಕೃತಿಯೊಂದು ನಿಂತಿತ್ತು. ನಿಂತ ಭಂಗಿಯಿಂದಲೇ ವಸುಧಾ ಎಂದು ಗೊತ್ತಾಯಿತು. ಕೈ ಬೀಸಿದೆ. ಅವಳ ಕಣ್ಣು ಕಾರುಗಳ ಮೇಲಿತ್ತು. ಸ್ವಲ್ಪ ಹೊತ್ತಿಗೆ ನೀಲಿ ಕಾರೊಂದು ಜಾರಿ ಹುಲ್ಲಿಗೆ ನುಗ್ಗಿತು. ನಾನು ಎದ್ದು ನಿಲ್ಲುವಷ್ಟರಲ್ಲಿ ಅವಳ ಬಾವುಟ ಮೇಲಿತ್ತು. ಹಿಂದೆ ರಭಸದಿಂದ ಬರುತ್ತಿದ್ದ ಕಾರುಗಳೆಲ್ಲ ತಲೆಬಾಗಿದಂತೆ ನಿಧಾನವಾದವು. ಎಲ್ಲವೂ. ಇಂಥದ್ದೊಂದು ಇದೆಯೆಂದು ಅವಳು ಅಂದೇ ಬಾಗಿಲಲ್ಲಿ ನಿಂತು ಹೇಳಿದ್ದಳಲ್ಲ.

"ಆ ತಿರುವಿನಲ್ಲಿ ಅವಳಿದ್ದರೆ ಓಡಿಸುವವರಿಗೆ ಧೈರ್ಯ" ಎಂದ ಮುದುಕ. ಹಿಂದೆ ತಾನೂ ಇಲ್ಲಿ ಓಡಿಸುತ್ತಿದ್ದನಂತೆ. "ಒಳ್ಳೆಯ ಹೆಂಗಸು. ಮಾರ್ಷಲ್‌ಗಳಿಗೆ ಪ್ರತಿ ರೇಸಿಗೂ ಮನೆಯವರಿಗೆಂದು ಒಂದು ಪಾಸ್ ಕೊಡುತ್ತಾರೆ. ಅವಳು ತನ್ನದನ್ನು ನನಗೆ ಕೊಡುತ್ತಾಳೆ. ಗಂಡನಿಗೆ ಕೆಲಸ ಜಾಸ್ತಿಯಂತೆ." ಆಮೇಲೆ ನನ್ನ ಕೈಯ ಟಿಕೆಟ್ಟನ್ನು ನೋಡಿ, "ನಿಮ್ಮಂತೆ ದುಡ್ಡು ಕೊಟ್ಟು ಬರುವವರಿಂದಲೇ ಈ ಜಾಗ ಉಳಿಯಬೇಕು. ಯಾವಾಗಲೂ ಬರುತ್ತೀರಾ?" ಎಂದ.

"ಇನ್ನು ಮೇಲೆ" ಎಂದೆ.

"ಮುಂದಿನ ವರ್ಷ ಇದ್ದರೆ" ಎಂದು ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಸ್ವಲ್ಪ ಕಾಫಿ ಬಗ್ಗಿಸಿದ. "ಅವಳು ನಿಮ್ಮ ಕಡೆಯವಳ ಹಾಗೆ ಕಾಣುತ್ತಾಳೆ. ಪರಿಚಯವಿದೆಯೇ?"

ನಾನು ಕಾಫಿ ಕುಡಿದೆ. ಗಂಡನೆಂದು ಹೇಳಿದರೆ ಆ ಪುಣ್ಯಾತ್ಮ ಜೇಬಿನಿಂದ ಪಾಸು ತೆಗೆದು ನನ್ನ ಕೈಗೆ ಕೊಟ್ಟುಬಿಡುತ್ತಾನೆಂದು ಹೆದರಿಕೆಯಾಯಿತು.